ಏರಿನಲ್ಲಿ ಸಿಡಿದ ಸಾಸಿವೆ

ಯಾವ ಯಂತ್ರವಾದರೂ ತನ್ನ ಕಾಯಿಲೆಯನ್ನು ತಾನೇ ಬಾಯಿಬಿಟ್ಟು ಹೇಳುತ್ತದೆ, ಕೇಳಿಸಿಕೊಳ್ಳುವ ಕಿವಿ ಇರಬೇಕು ಅಷ್ಟೆ. ಇದು ನನ್ನ ಸಿದ್ಧಾಂತ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಒಂದಕ್ಕಿಂತ ಹೆಚ್ಚು ಸಿದ್ಧಾಂತ ಸಾಕುವ ಅನುಕೂಲ ಇರುವುದಿಲ್ಲ. ಇರುವ ಒಂದನ್ನೇ ಒಗೆದು ಮಡಿಚಿ ದಿನಕ್ಕೂ ಹಬ್ಬಕ್ಕೂ ಉಟ್ಟುಕೊಳ್ಳುತ್ತೇನೆ. ಹೋಳೂರಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಮೀಸೆ ಮೂಡುವ ಮೊದಲೇ ಅದರೊಳಗೆ ಹೊಕ್ಕವನು ತಲೆ ಬೆಳ್ಳಗಾದರೂ ಹೊರಗೆ ಬಂದಿಲ್ಲ. ಬೆಳ್ಳಗಾದದ್ದು ವಯಸ್ಸಿನಿಂದಲೋ ಹಿಟ್ಟಿನಿಂದಲೋ ಎಂಬುದನ್ನು ಸ್ನಾನವಾದ ಮೇಲಷ್ಟೇ ಹೇಳಬಹುದು. ಕಲ್ಲು ಸವೆದಿದೆಯೇ, ಬೆಲ್ಟು ಸಡಿಲವಾಗಿದೆಯೇ, ರಾಗಿಯಲ್ಲಿ ಮಣ್ಣಿದೆಯೇ, ಎಲ್ಲವನ್ನೂ ಸದ್ದಿನಿಂದಲೇ ಹೇಳಬಲ್ಲೆ. ನಾನು ಹೇಳಿದ್ದು ಗಿರಾಕಿಗಳಿಗೆ ಕೇಳಿಸುವುದಿಲ್ಲ, ಅವರು ಹೇಳಿದ್ದು ನನಗೆ ಕೇಳಿಸುವುದಿಲ್ಲ, ಅದು ಬೇರೆ ಮಾತು. ಗಿರಣಿಯೊಳಗೆ ಕೈಸನ್ನೆಯೇ ಭಾಷೆ. ಬೆರಳು ಉಜ್ಜಿ ತೋರಿಸಿದರೆ ನುಣ್ಣಗೆ ಬೀಸು ಎಂದರ್ಥ, ಅಂಗೈ ಅಲ್ಲಾಡಿಸಿದರೆ ತರಿಯಾಗಿರಲಿ ಎಂದು.

ಇಂಥ ನನ್ನ ಹತ್ತಿರ ಒಂದು ಹಳೆಯ ಪೆಟ್ರೋಲ್ ಕಾರಿದೆ. ಇಂಜಿನ್ನಿನೊಳಗೆ ಕಂಪ್ಯೂಟರು ಹೊಗುವ ಮುಂಚಿನ ಕಾಲದ್ದು. ಪೆಟ್ರೋಲಿಗೆ ಯಾವ ಗಳಿಗೆಯಲ್ಲಿ ಕಿಡಿ ತಾಗಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ, ಅದಕ್ಕೆ ಟೈಮಿಂಗ್ ಎನ್ನುತ್ತಾರೆ. ನನ್ನ ಕಾರಿನಲ್ಲಿ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯ ಬೋಲ್ಟು ಸಡಿಲಿಸಿ, ಡಬ್ಬಿಯನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ತಿರುಗಿಸಿ ಅದನ್ನು ಕೂರಿಸಬೇಕು. ಕಿಡಿ ತಡವಾದರೆ ಗಾಡಿಗೆ ಸೋಮಾರಿತನ. ಬೇಗ ಬಿದ್ದರೆ, ಮದುವೆ ಮನೆಯಲ್ಲಿ ಎಲೆ ಹಾಕುವ ಮುಂಚೆಯೇ ಸಾರು ಬಡಿಸಿದ ಹಾಗೆ, ಒಳಗೆಲ್ಲ ರಂಪ. ಈ ಕೆಲಸವನ್ನು ನಾನು ಇನ್ನೊಬ್ಬರ ಕೈಗೆ ಕೊಡುವವನಲ್ಲ. ಗಾಡಿ ನಿಂತಲ್ಲೇ ಓಡುವಾಗ ಅದರ ಗುಡುಗುಡು ಕೇಳಿ, ಎಲ್ಲಿ ಚುರುಕಾಯಿತೋ ಅಲ್ಲಿ ಬಿಗಿ ಮಾಡಿಬಿಡುತ್ತೇನೆ.

ಕಷ್ಟ ಶುರುವಾದದ್ದು ನಮ್ಮತ್ತೆಯ ಕಣ್ಣಿನಿಂದ. ಅವರಿರುವುದು ಯಲ್ದೂರಿನಲ್ಲಿ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಒಪ್ಪಿಕೊಳ್ಳುವ ಪೈಕಿಯಲ್ಲ, ಈಗಿನ ಕರೆಂಟೇ ಮಂಕು ಎನ್ನುತ್ತಾರೆ. ಹಿಂದಿನ ಸಲ ಹೋದಾಗ ಗೂಟಕ್ಕೆ ನೇತುಹಾಕಿದ್ದ ನನ್ನ ಅಂಗಿಯನ್ನು ಹಿಟ್ಟಿನ ಮಿಷನ್ ಹೇಗೆ ನಡೀತಿದೆ ಎಂದು ವಿಚಾರಿಸಿದರು, ಅದು ಉತ್ತರ ಕೊಡಲಿಲ್ಲವೆಂದು ಮಗಳ ಹತ್ತಿರ ನೊಂದುಕೊಂಡರು. ಆಪರೇಷನ್ನಿಗೆ ಕೋಲಾರದ ಆಸ್ಪತ್ರೆಯಲ್ಲಿ ದಿನ ಗೊತ್ತಾದಾಗಲೆಲ್ಲ ಏನಾದರೊಂದು ನೆಪ. ಬಸ್ಸು ಹತ್ತಿದರೆ ವಾಂತಿ, ಆಟೋ ಹತ್ತಿದರೆ ಭಯ. ಈ ಸಲ ನನ್ನ ಹೆಂಡತಿ ಸರೋಜ ಪಟ್ಟು ಹಿಡಿದಾಗ ಒಂದು ಷರತ್ತು ಹಾಕಿದರು. ಅತ್ತೆಯ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಅಳಿಯ ಎನ್ನುವ ಬದಲು ಅಲ್ಲುಡು ಎಂದೇ ಕರೆಯುತ್ತಾರೆ.

"ನಮ್ಮ ಅಲ್ಲುಡು ಕಾರಲ್ಲಾದ್ರೆ ಬರ್ತೀನಮ್ಮ. ದಾರೀಲಿ ಅದು ನಿಂತೋಯ್ತೋ, ಇಳ್ದು ಊರಿಗೆ ನಡ್ಕೊಂಡು ಬಂದ್ಬಿಡ್ತೀನಿ. ಆಮೇಲೆ ಕಣ್ಣಿನ ಮಾತು ಎತ್ತಂಗಿಲ್ಲ."

ಆ ಹೆಂಗಸು ಹೇಳಿದರೆ ಹೇಳಿದ ಹಾಗೆ. ಒಂದು ಸಲ ಗಾಡಿ ನಿಂತರೆ ಅವರ ಕಣ್ಣು ಕತ್ತಲಾದಂತೆಯೇ ಲೆಕ್ಕ. ನಾನು ಎದೆ ತಟ್ಟಿಕೊಂಡು ಒಪ್ಪಿದೆ. ಯಾವುದಕ್ಕೂ ಇರಲಿ ಎಂದು ಸರೋಜಳನ್ನು ಕೂರಿಸಿಕೊಂಡು ಯಲ್ದೂರಿಗೆ ಹೋಗುವ ಶ್ರೀನಿವಾಸಪುರದ ದಾರಿಯಲ್ಲಿ ಒಂದು ಸುತ್ತು ಹೋದೆ. ಊರು ದಾಟಿ ಒಂದು ಏರು ಹತ್ತುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನಿಂದ ಬಂದಷ್ಟು ಹಬೆ ಇಡ್ಲಿ ಪಾತ್ರೆಯಿಂದಲೂ ಬರುವುದಿಲ್ಲ. ನಮ್ಮ ಕಡೆ ಬಾನೆಟ್ಟು ತೆರೆದು ರಸ್ತೆಯಲ್ಲಿ ನಿಂತರೆ ವೈದ್ಯರಿಗೆ ಬರವಿಲ್ಲ. ಟೊಮೇಟೊ ಬಾಕ್ಸು ಹೊತ್ತ ಟೆಂಪೋದವನು ಇಳಿದು ಫ್ಯಾನು ನೋಡಿ ಎಂದ. ಮೇಕೆ ಮೇಯಿಸುತ್ತಿದ್ದವರು ಬಂದು, ಯಾರದೋ ಕಣ್ಣು ಬಿದ್ದಿದೆ, ನಿಂಬೆಹಣ್ಣು ಕಟ್ಟಿ ಎಂದರು. ಸರೋಜ ಮಾತ್ರ ಬೇರೆಯೇ ಹೇಳಿದಳು.

"ರೀ, ಏರಲ್ಲಿ ಅದೇನೋ ಚಟಚಟ ಅಂತಿತ್ತು. ಒಗ್ಗರಣೇಲಿ ಸಾಸಿವೆ ಸಿಡಿದಂಗೆ."

ನನಗೆ ಕೇಳಿಸದ ಸದ್ದು ನನ್ನ ಇಂಜಿನ್ನಿನಲ್ಲಿ ಇರಲು ಹೇಗೆ ಸಾಧ್ಯ? ನಿನ್ನ ಬಳೆ ಇರಬೇಕು ಎಂದೆ. ಗಾಡಿ ತಣ್ಣಗಾದ ಮೇಲೆ ಅವಳು ಬಳೆಯನ್ನು ಮೊಣಕೈವರೆಗೆ ಏರಿಸಿಕೊಂಡು ಮತ್ತೆ ಕೂತಳು. ಮತ್ತೆ ಅದೇ ದೂರು.

ಮಾರನೆಯ ದಿನ ಕೋಲಾರದಲ್ಲಿ ರೇಡಿಯೇಟರ್ ಬೆಸುಗೆ ಹಾಕುವ ಬಾಬು ಭಾಯ್ ಹತ್ತಿರ ಹೋದೆ. ನಮ್ಮ ಬೋರ್‌ವೆಲ್ ನೀರಿನ ಗುಣ ನಿಮಗೆ ಗೊತ್ತಿರಬಹುದು, ಕುದಿಸಿದ ಪಾತ್ರೆಗೆಲ್ಲ ಸುಣ್ಣ ಬಳಿಯುತ್ತದೆ. ಮನೆಯವರೆಲ್ಲ ಫಿಲ್ಟರ್ ನೀರು ಕುಡಿಯುತ್ತಿದ್ದೆವು, ಕಾರಿಗೆ ಮಾತ್ರ ಬೋರಿನ ನೀರು ಹಾಕಿದ್ದೆ. ಹಾಗಾಗಿ ತಪ್ಪು ಅಲ್ಲೇ ಇದೆ ಎಂದು ಖಾತ್ರಿಯಾಗಿತ್ತು. ಬಾಬು ಭಾಯ್ ಬಿಚ್ಚಿ, ತೊಳೆದು, ನೀರು ಬಿಟ್ಟು ನೋಡಿದರು. "ನೀರು ಬರಾಬರ್ ಹೋಗ್ತಾ ಇದೆ ಅಣ್ಣ. ಬಿಸಿ ಬೇರೆ ಕಡೆಯಿಂದ ಬರ್ತಾ ಇದೆ. ಟೈಮಿಂಗ್ ನೋಡಿದ್ರಾ?" ಟೈಮಿಂಗ್ ನನ್ನ ಕೈಯದು ಎಂದು ಮುಖ ಊದಿಸಿಕೊಂಡು ಬಂದೆ. ಆಮೇಲೆ ಥರ್ಮೋಸ್ಟಾಟ್ ಬದಲಾಯಿಸಿದೆ, ನೀರಿನ ಹೋಸ್ ಪೈಪು ಬದಲಾಯಿಸಿದೆ, ಫ್ಯಾನ್ ಬೆಲ್ಟು ಬದಲಾಯಿಸಿದೆ. ಏರು ಮಾತ್ರ ಬದಲಾಗಲಿಲ್ಲ, ಹಬೆಯೂ. ಆಪರೇಷನ್ನಿನ ದಿನ ಹತ್ತಿರ ಬಂತು.

ಹೀಗಿರುವಾಗ ಒಂದು ದಿನ ಊಟದ ಹೊತ್ತಿಗೆ ಸರೋಜ ನನ್ನನ್ನು ಅಡುಗೆಮನೆಗೆ ಕರೆದು, ಒಲೆಗೆ ಬೆನ್ನು ಹಾಕಿ ಮಣೆಯ ಮೇಲೆ ಕೂರಿಸಿದಳು. ಸಾರಿಗೆ ಒಗ್ಗರಣೆ ಹಾಕುತ್ತೇನೆ, ಸಾಸಿವೆ ಸಿಡಿದ ಕೂಡಲೇ ಕೈ ಎತ್ತಿ ಎಂದಳು. ಇದೆಂಥ ಪರೀಕ್ಷೆ ಎಂದು ನಗುತ್ತ ಕೂತೆ. ಕಾದೆ. ಗೋಡೆಯ ಮೇಲಿನ ಹಲ್ಲಿ ನೋಡಿದೆ. ಎಷ್ಟು ಹೊತ್ತಾದರೂ ಸಿಡಿಯಲಿಲ್ಲ. ಎಣ್ಣೆ ಇನ್ನೂ ಕಾದಿಲ್ಲ ಕಣೇ, ಉರಿ ಜಾಸ್ತಿ ಮಾಡು ಎಂದೆ. ಅಷ್ಟರಲ್ಲಿ ಇಂಗಿನ ವಾಸನೆ ಮೂಗಿಗೆ ಬಂತು. ತಿರುಗಿ ನೋಡಿದರೆ ಬಾಣಲೆಯಲ್ಲಿ ಕರಿಬೇವು ಕೂಡ ಸಿಡಿದು ಸುಮ್ಮನಾಗಿತ್ತು.

"ಸಿಡಿದು ಯಾವ ಕಾಲ ಆಯ್ತು ರೀ," ಎಂದಳು. ನಗಲಿಲ್ಲ. ಅದೇ ಚುಚ್ಚಿದ್ದು.

ಕೂತಲ್ಲೇ ಯೋಚಿಸಿದೆ. ಒಗ್ಗರಣೆಯ ಸದ್ದು ಕೇಳಿ ಎಷ್ಟು ಕಾಲವಾಯಿತು? ಸಾಸಿವೆಯ ಜಾತಿಯೇ ಕೆಟ್ಟಿದೆ ಎಂದುಕೊಂಡಿದ್ದೆ. ಈಗಿನವರು ಬಾಯೊಳಗೇ ಮಾತಾಡುತ್ತಾರೆ, ಮೊಬೈಲಿನಲ್ಲಿ ದಮ್ಮಿಲ್ಲ ಎಂದೆಲ್ಲ ಬೈದುಕೊಂಡು ತಿರುಗಿದ್ದೆ. ಗಿರಣಿ ಇಷ್ಟು ವರ್ಷ ನನಗೆ ಅನ್ನ ಕೊಟ್ಟು, ಅದಕ್ಕೆ ಬದಲಾಗಿ ಸಣ್ಣ ಸದ್ದುಗಳನ್ನೆಲ್ಲ ಒಂದೊಂದಾಗಿ ಬೀಸಿಕೊಂಡುಬಿಟ್ಟಿತ್ತು. ಇಂಜಿನ್ನಿನ ಗುಡುಗುಡು ನನಗೆ ಕೇಳಿಸುತ್ತದೆ, ಅದು ದಪ್ಪ ಸದ್ದು. ಕಿಡಿ ಮುಂಚೆ ಬಿದ್ದಾಗ ಏರಿನಲ್ಲಿ ಏಳುವ ಚಟಚಟ ತೆಳು ಸದ್ದು. ಆ ಸದ್ದು ಹುಟ್ಟಿಸುವ ಕಿಡಿಯೇ ಬಿಸಿಯ ಮೂಲ. ನಾನು ಚುರುಕು ಚುರುಕು ಎಂದು ಕಿಡಿಯನ್ನು ಮುಂದೆ ಮುಂದೆ ತಂದು ಕೂರಿಸಿದ್ದೆ.

ಊಟವಾದ ಮೇಲೆ ಇಬ್ಬರೂ ಏರಿಗೆ ಹೋದೆವು. ಸ್ಪ್ಯಾನರ್ ನನ್ನದು, ಕಿವಿ ಅವಳದು. ಗಿರಣಿಯ ಭಾಷೆಯನ್ನೇ ಬಳಸಿದೆವು. ಚಟಚಟ ಎಂದರೆ ಅವಳು ಬೆರಳು ಉಜ್ಜುವುದು. ನಾನು ನಿಲ್ಲಿಸಿ, ಡಬ್ಬಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ಮತ್ತೆ ಕೆಳಗಿನಿಂದ ಹತ್ತುವುದು. ಮೇಕೆ ಮೇಯಿಸುವವರು ಕಲ್ಲಿನ ಮೇಲೆ ಕೂತು ನೋಡಿದರು. ಗಂಡ ಹೆಂಡತಿಗೆ ಏನಾಗಿದೆಯೋ ಎಂದುಕೊಂಡಿರಬೇಕು. ಹತ್ತಿ ಇಳಿದು ಹತ್ತಿ ಇಳಿದು ಕೊನೆಗೊಂದು ಸಲ ಅವಳ ಬೆರಳು ಅಲ್ಲಾಡಲಿಲ್ಲ. ಮುಳ್ಳು ನಡುಮಧ್ಯದಲ್ಲಿ, ಊಟ ಮಾಡಿ ಮಲಗಿದ ಹಾಗೆ ಒರಗಿಕೊಂಡಿತ್ತು.

ಅತ್ತೆಯನ್ನು ಕರೆತಂದೆವು. ದಾರಿಯಲ್ಲಿ ಏರು ಬಂದಾಗಲೆಲ್ಲ ಅವರು ಒಂದು ಕೈಯಲ್ಲಿ ಚಪ್ಪಲಿ ಹಿಡಿದು, ಇಳಿದು ನಡೆಯಲು ತಯಾರಾಗಿಯೇ ಕೂತಿದ್ದರು. ಇಳಿಯುವ ಪ್ರಸಂಗ ಬರಲಿಲ್ಲ. ಮೊದಲ ಕಣ್ಣಿನ ಆಪರೇಷನ್ ಸಲೀಸಾಗಿ ಆಯಿತು. ಪಟ್ಟಿ ಬಿಚ್ಚಿದ ಮೇಲೆ ನನ್ನನ್ನು ದಿಟ್ಟಿಸಿ, ಅಲ್ಲುಡು ತಲೆಗೆ ಇಷ್ಟೊಂದು ಹಿಟ್ಟು ಬಿದ್ದಿದೆಯಲ್ಲ ಎಂದರು. ನಾನು ಆವತ್ತು ತಲೆಗೆ ಸ್ನಾನ ಮಾಡಿಕೊಂಡು ಹೋಗಿದ್ದೆ.

ಅತ್ತೆಯನ್ನು ವಾಪಸ್ಸು ಯಲ್ದೂರಿಗೆ ಬಿಡಲು ಹೋಗುವಾಗ ಅದೇ ಏರಿನಲ್ಲಿ, ನೋಡಿ, ಗಾಡಿ ಎಷ್ಟು ಸದ್ದಿಲ್ಲದೆ ಹತ್ತುತ್ತಿದೆ ಎಂದೆ. ಹಿಂದಿನ ಸೀಟಿನಿಂದ ಸರೋಜ ನನ್ನ ಭುಜ ತಟ್ಟಿ ಜೋರಾಗಿ ಹೇಳಿದಳು, "ಅವ್ವ ಆಗ್ಲಿಂದ ನಿಮ್ಮನ್ನೇ ಕೇಳ್ತಾವ್ಳೆ. ಕಿವಿ ಡಾಕ್ಟ್ರ ಹತ್ರ ಯಾವಾಗ ಹೋಗೋದು ಅಂತ."

ಮಾವಿನ ಸೀಸನ್ ಮುಗಿಯಲಿ ಎಂದೆ. ಹಿಟ್ಟಿನ ಗಿರಣಿಗೂ ಮಾವಿಗೂ ಏನು ಸಂಬಂಧ ಎಂದು ಅತ್ತೆ ಕೇಳಿದರಂತೆ. ಕೊನೆಗೆ ನಾನೂ ಒಂದು ಷರತ್ತು ಹಾಕಿ ಒಪ್ಪಿಕೊಂಡಿದ್ದೇನೆ: ನಮ್ಮ ಕಾರಿನಲ್ಲೇ ಬರುತ್ತೇನೆ, ದಾರಿಯಲ್ಲಿ ಅದೇನಾದರೂ ನಿಂತರೆ ಇಳಿದು ಊರಿಗೆ ನಡೆದುಬಿಡುತ್ತೇನೆ. ಏನು ಮಾಡುವುದು, ಟೈಮಿಂಗ್ ಸರಿಯಾದಾಗಿನಿಂದ ಹಾಳು ಗಾಡಿ ನಿಲ್ಲುವುದೇ ಇಲ್ಲ.