ಪ್ಲಾಸ್ಟರ್ ಕಾಣದ ಗೋಡೆ

ಸಾಲ ಮಾಡಿ ಮನೆ ಕಟ್ಟಿದವನಿಗೆ ನಗು ಬರುವಂಥದ್ದು ಏನಿರುತ್ತೆ ಅಂತ ನೀವು ಕೇಳಬಹುದು. ಇರುತ್ತೆ. ಆದರೆ ನಮ್ಮ ಮನೆಯಲ್ಲಿ ಅಂಥದ್ದೆಲ್ಲ ನಡೆದದ್ದು ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿದ್ದ ಹೊತ್ತಿನಲ್ಲೇ. ಹಾಗಾಗಿ ಬೇರೆಯವರು ಆಗಲೇ ನಕ್ಕರು, ನಾನು ಈಗ ನಗುತ್ತಿದ್ದೇನೆ.

ನಾನು ಹುಟ್ಟಾ ಪುಕ್ಕಲ. ಸೊರಬದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. ವಾಸ ಶಿಕಾರಿಪುರ, ದಿನಾ ಬಸ್ಸಿನ ಓಡಾಟ. ಒಬ್ಬಳೇ ಮಗಳ ಮದುವೆ ಮುಗಿಸಿ, ಬ್ಯಾಂಕಿನಲ್ಲಿ ಹದಿನೈದು ವರ್ಷದ ಸಾಲ ತೆಗೆದು ಮನೆ ಕಟ್ಟಿದೆವು. ಆಗ ನನ್ನ ನೌಕರಿ ಉಳಿದಿದ್ದದ್ದು ಹನ್ನೊಂದೇ ವರ್ಷ. ಉಳಿದ ನಾಲ್ಕು ವರ್ಷ ಪಿಂಚಣಿಯಲ್ಲಿ ಕಂತು ಕಟ್ಟುವುದು ಹೇಗೆ? ಮನೆ ಪತ್ರ ಬ್ಯಾಂಕಿನ ಬೀರುವಿನಲ್ಲಿ ಇರುವಾಗ ನಾನು ರಿಟೈರ್ ಆಗಬಾರದು, ಅಷ್ಟೇ ನನ್ನ ಆಸೆ.

ನನ್ನಾಕೆ ಹೇಳಿದಳು, "ನೀವು ಹೆದರ್ತಾ ಇರ್ರಿ, ನಾನು ತೀರಿಸ್ತೀನಿ."

ಅವತ್ತಿನಿಂದ ನಮ್ಮ ಮನೆಯಲ್ಲಿ ಕೆಲಸದ ಹಂಚಿಕೆ ಹಾಗೇ ನಡೆದುಕೊಂಡು ಬಂತು.

ಸಹಿ

ಸಾಲದ ಕಾಗದಗಳಿಗೆ ಸಹಿ ಹಾಕಲು ಇಬ್ಬರೂ ಬ್ಯಾಂಕಿಗೆ ಹೋದೆವು. ಬ್ಯಾಂಕಿನ ಸಾಹೇಬರು ದಪ್ಪ ಕಟ್ಟೊಂದನ್ನು ಮುಂದಿಟ್ಟು, "ಇಂಟು ಮಾರ್ಕ್ ಇರೋ ಕಡೆಯೆಲ್ಲ ಹಾಕ್ತಾ ಹೋಗ್ರಿ" ಅಂದರು. ನಾಲ್ಕನೇ ಹಾಳೆಯಲ್ಲಿ ಕಣ್ಣಾಡಿಸಿದೆ. ಕಂತು ತಪ್ಪಿದರೆ ಮನೆ ಹರಾಜು ಹಾಕುವ ಹಕ್ಕು ಯಾರಿಗಿದೆ ಅಂತ ಅಲ್ಲಿ ಬರೆದಿತ್ತು. ಅಲ್ಲಿಂದ ಮುಂದೆ ನನ್ನ ಕೈ ನನ್ನ ಮಾತು ಕೇಳಲಿಲ್ಲ.

ಸಾಹೇಬರು ಕಟ್ಟನ್ನು ತಿರುವಿ ಹಾಕಿ ಮುಖ ಸಿಂಡರಿಸಿದರು. "ಏನ್ರೀ ಇದು, ಮೊದಲ ಮೂರು ಸಹಿ ಒಂದು ಥರ, ಆಮೇಲಿಂದು ಇನ್ನೊಂದು ಥರ. ಇದರಲ್ಲಿ ನಿಮ್ಮ ಸಹಿ ಯಾವುದು?"

ನನ್ನಾಕೆ ಬಗ್ಗಿ ನೋಡಿ, ನಡುಗಿದ ಸಹಿಯ ಮೇಲೆ ಬೆರಳಿಟ್ಟಳು.

"ಇದನ್ನೇ ಇಟ್ಕೊಳ್ರಿ ಸಾರ್. ಇನ್ನು ಹದಿನೈದು ವರ್ಷ ಇವರ ಸಹಿ ಹಿಂಗೇ ಇರ್ತದೆ."

ಅಸಲು

ಒಂದು ವರ್ಷ ಕಂತು ಕಟ್ಟಿದ ಮೇಲೆ ಬ್ಯಾಂಕಿನಿಂದ ಲೆಕ್ಕದ ಹಾಳೆ ಬಂತು. ಅದನ್ನು ನೋಡಿ ನಾನು ಕುಸಿದು ಕೂತೆ. ಹನ್ನೆರಡು ಕಂತು ಕಟ್ಟಿದ್ದೇವೆ, ಅಸಲು ಮಾತ್ರ ಇದ್ದಲ್ಲೇ ಇದೆ! ಎಲ್ಲೋ ಒಂದು ಚೂರು ಕರಗಿದೆ ಅಷ್ಟೆ.

"ನಮ್ಮ ದುಡ್ಡು ಯಾರದೋ ಖಾತೆಗೆ ಹೋಗ್ತಿದೆ ಕಣೇ" ಅಂದೆ. ಇಬ್ಬರೂ ಬ್ಯಾಂಕಿಗೆ ಓಡಿದೆವು.

ಸಾಹೇಬರು ಸಮಾಧಾನದಿಂದ ಹೇಳಿದರು. "ಶುರುವಿನಲ್ಲಿ ಕಂತೆಲ್ಲ ಬಡ್ಡಿಗೇ ಹೋಗುತ್ತಮ್ಮ. ಅಸಲು ಕರಗೋದು ಆಮೇಲೆ."

"ಅಂದ್ರೆ ಇಷ್ಟು ದಿನ ನಾವು ಹೊಟ್ಟೆ ಕಟ್ಟಿ ಕಟ್ಟಿದ್ದು ನಮ್ಮ ಮನೆ ಅಲ್ಲ, ನಿಮ್ಮ ಬ್ಯಾಂಕು" ಅಂದಳು ನನ್ನಾಕೆ.

ಸಾಹೇಬರಿಗೂ ನಗು ಬಂತು. ಪಾಪ, ಒಳ್ಳೆಯವರು. ಕಂತಿನ ಜೊತೆಗೆ ಹೆಚ್ಚಿಗೆ ಏನು ಕಟ್ಟಿದರೂ ಅದು ನೇರ ಅಸಲಿಗೇ ಹೋಗುತ್ತೆ, ಅಸಲು ಇಳಿದರೆ ಬಡ್ಡಿಯೂ ಇಳಿಯುತ್ತೆ, ಸಾಲ ಬೇಗ ಮುಗಿಯುತ್ತೆ ಅಂತ ಬಿಡಿಸಿ ಹೇಳಿದರು.

ಅವರು ಹೇಳಿದ್ದೇ ಹೇಳಿದ್ದು, ನನ್ನ ಗ್ರಹಚಾರ ಕೆಟ್ಟಿತು. ಒಗ್ಗರಣೆಯ ಎಣ್ಣೆ ಸೌಟಿನಿಂದ ಚಮಚಕ್ಕಿಳಿಯಿತು. ಸಿಲಿಂಡರ್ ಹಚ್ಚಿದ ತಾರೀಕು ಕ್ಯಾಲೆಂಡರಿನಲ್ಲಿ ದಾಖಲಾಯಿತು. ಹಬ್ಬಕ್ಕೆ ಸೀರೆ ಬೇಡ ಅಂತ ಅವಳೇ ಅಂದಮೇಲೆ ಅಂಗಿ ಬೇಕು ಅನ್ನೋಕೆ ನನಗೆಲ್ಲಿ ಧೈರ್ಯ? ಮಿಕ್ಕಿದ್ದೆಲ್ಲ ಮೂರು ತಿಂಗಳಿಗೊಮ್ಮೆ ಅಸಲಿಗೆ.

ಒಂದು ಸಂಜೆ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಬಿಸಿ ಮಿರ್ಚಿ ಕರಿಯುತ್ತಿದ್ದರು. ತಡೆಯಲಾರದೆ ಒಂದು ಪ್ಲೇಟ್ ತಿಂದೆ. ತಿಂದ ಮೇಲೆ ಶುರುವಾಯಿತು ನೋಡಿ ಭಯ. ಬಾಯಿ ತೊಳೆದೆ, ಕೈ ತೊಳೆದೆ, ಮೀಸೆ ಒರೆಸಿಕೊಂಡೆ, ಶಿಕಾರಿಪುರ ಬರುವ ತನಕ ಕಿಟಕಿಯಿಂದ ಮುಖ ಹೊರಗೆ ಹಾಕಿ ಗಾಳಿ ಕುಡಿದೆ. ಬಾಗಿಲು ತೆಗೆದವಳು ಒಂದೇ ಸಲ ಮೂಗು ಅರಳಿಸಿದಳು.

"ಒಂದೇ ಪ್ಲೇಟು ಕಣೇ" ಅಂದೆ, ಅವಳು ಕೇಳುವುದಕ್ಕೆ ಮುಂಚೆಯೇ.

"ತಿನ್ರಿ, ಯಾರು ಬೇಡ ಅಂದ್ರು? ಅಡುಗೆಮನೆ ಕಿಟಕಿ ಪಕ್ಕದ ಎರಡು ಇಟ್ಟಿಗೆ ಇನ್ನೂ ಬ್ಯಾಂಕಿಂದೇ ಆಗಿರ್ತದೆ ಅಷ್ಟೇ."

ಗೋಡೆ

ಮನೆ ಕಟ್ಟುವಾಗ ಕೊನೆಗೆ ದುಡ್ಡು ಸಾಲದೆ ರಸ್ತೆ ಕಡೆಯ ಗೋಡೆಗೆ ಪ್ಲಾಸ್ಟರ್ ಮಾಡಿಸಿರಲಿಲ್ಲ. ಆಮೇಲೆ ಹೇಗೋ ದುಡ್ಡು ಕೂಡಿತು, ಆದರೆ ನನ್ನಾಕೆ ಅದನ್ನೂ ಅಸಲಿಗೆ ಹಾಕಿಬಿಟ್ಟಳು. ಇಟ್ಟಿಗೆ ಹಲ್ಲು ಕಿರಿದುಕೊಂಡು ರಸ್ತೆ ನೋಡುತ್ತಾ ನಿಂತವು. ಎದುರು ಮನೆಯ ಯಜಮಾನರಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇದೆ. ಅವರು ಒಂದು ದಿನ ಕೇಳಿದರು, "ಏನಮ್ಮ, ಪ್ಲಾಸ್ಟರ್ ಯಾವಾಗ?"

"ಸಾಲ ತೀರಿದ ಮರುದಿನ" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ಆ ಮಾತು ಮುಂದೆ ನಮ್ಮ ಕುತ್ತಿಗೆಗೇ ಬಂತು, ಅದನ್ನು ಆಮೇಲೆ ಹೇಳ್ತೀನಿ.

ನನಗೋ ಆ ಗೋಡೆ ಕಂಡರೆ ಭಯ. ಮಳೆ ನೀರು ಕುಡಿದು ಎಲ್ಲಿ ಬಿದ್ದು ಹೋಗುತ್ತೋ ಅಂತ ದಿನಾ ಬೆಳಗ್ಗೆ ಕೈಯಿಟ್ಟು ತಳ್ಳಿ ನೋಡುತ್ತಿದ್ದೆ. ಗಣಪತಿ ಚಂದಾ ಎತ್ತುವವರು ಬೀದಿಯ ಮನೆಮನೆಗೂ ಹೋಗಿ ನಮ್ಮ ಗೋಡೆ ಮುಂದೆ ಬಂದು ನಿಂತು, ತಲೆ ಎತ್ತಿ ನೋಡಿ, "ಪಾಪ" ಅಂತ ಮುಂದಿನ ಮನೆಗೆ ಹೋದರು. ನನಗೆ ಅವಮಾನವಾಗಿ ಒಳಗೆ ಬಂದೆ.

ನನ್ನಾಕೆ ಹೇಳಿದಳು, "ಸುಮ್ನಿರ್ರಿ. ನಮ್ಮನೇಲಿ ನಿಮ್ಮನ್ನ ಬಿಟ್ರೆ ದುಡಿಯೋದು ಆ ಗೋಡೆ ಒಂದೇ."

ಎರಡು ಲಕೋಟೆ

ಖರ್ಚು ಉಳಿಸುವ ಭರದಲ್ಲಿ ನನ್ನಾಕೆ ಹೊಸ ಲಕೋಟೆ ಕೊಳ್ಳುವುದನ್ನೂ ಬಿಟ್ಟಿದ್ದಳು. ಮನೆಗೆ ಬಂದ ಲಗ್ನಪತ್ರಿಕೆಗಳ ಲಕೋಟೆಯನ್ನೇ ಎತ್ತಿಟ್ಟು ಎಲ್ಲದಕ್ಕೂ ಬಳಸುತ್ತಿದ್ದಳು. ರೇಷನ್ ಕಾರ್ಡು, ಕರೆಂಟ್ ಬಿಲ್ಲು, ನನ್ನ ಬಿಪಿ ಮಾತ್ರೆ, ಎಲ್ಲದರ ಮೇಲೂ 'ಶುಭ ವಿವಾಹ'.

ಒಂದು ದಿನ ತೊಗರ್ಸಿಯಲ್ಲಿ ದೂರದ ಸಂಬಂಧಿಕರ ಮದುವೆ. ಅವಳಿಗೆ ಮಂಡಿನೋವು, ನಾನೊಬ್ಬನೇ ಹೊರಟೆ. ಒಂದು ಲಕೋಟೆಯಲ್ಲಿ ಮುಯ್ಯಿಗೆ ಇನ್ನೂರ ಒಂದು ರೂಪಾಯಿ. ನಮ್ಮ ಮಗಳ ಮದುವೆಗೆ ಅವರು ಹಾಕಿದ್ದು ನೂರೈವತ್ತೊಂದು, ಅದನ್ನು ಮುಯ್ಯಿ ಪುಸ್ತಕದಲ್ಲಿ ನೋಡಿ, ಮೇಲೆ ಐವತ್ತು ಸೇರಿಸಿದ್ದಳು. ಇನ್ನೊಂದು ಲಕೋಟೆಯಲ್ಲಿ ಹತ್ತು ಸಾವಿರ, ವಾಪಸ್ ಬರುವಾಗ ಬ್ಯಾಂಕಿಗೆ ಕಟ್ಟಲು.

ಮುಯ್ಯಿ ಬರೆಯುವವರ ಕೈಗೆ ಲಕೋಟೆ ಕೊಟ್ಟು ಊಟಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ ಹುಡುಗನ ಅಪ್ಪ ತಾವೇ ಓಡಿಬಂದು ನನ್ನ ಎಲೆಗೆ ಹೋಳಿಗೆ ಬಡಿಸಿದರು. ತುಪ್ಪ ಸುರಿದರು. "ನೀವು ನಿಧಾನಕ್ಕೆ ಊಟ ಮಾಡ್ಬೇಕು ಸಾರ್" ಅಂತ ಪಕ್ಕದಲ್ಲೇ ನಿಂತರು. ಹೊರಡುವಾಗ ಶಾಲು ಹೊದಿಸಿದರು. ಇನ್ನೂರ ಒಂದು ರೂಪಾಯಿಗೆ ಇಷ್ಟು ಮರ್ಯಾದೆಯೇ ಅಂತ ನನಗೆ ಒಳಗೊಳಗೇ ಹೆದರಿಕೆಯಾಯಿತು.

ಬ್ಯಾಂಕಿನಲ್ಲಿ ಸಾಹೇಬರ ಮುಂದೆ ಲಕೋಟೆ ಇಟ್ಟೆ. ಅವರು ತೆರೆದು ಅಲ್ಲಾಡಿಸಿದರು. ಎರಡು ನೋಟು ಬಿದ್ದವು, ಒಂದು ರೂಪಾಯಿ ನಾಣ್ಯ ಟೇಬಲ್ಲಿನ ಮೇಲೆ ಉರುಳಿ ಉರುಳಿ ಅವರ ಟೀ ಲೋಟಕ್ಕೆ ಬಡಿದು ನಿಂತಿತು.

"ಏನ್ ಸಾರ್, ಅಸಲಿಗೆ ಮುಯ್ಯಿ ಹಾಕ್ತಿದೀರಾ?"

ಕಾಲು ಎಳೆದುಕೊಂಡು ಮನೆಗೆ ಬಂದು ವಿಷಯ ಹೇಳಿದೆ. ನನ್ನಾಕೆ ಮುಯ್ಯಿ ಪುಸ್ತಕ ತೆಗೆದು, ಇನ್ನೂರ ಒಂದು ಹೊಡೆದುಹಾಕಿ, ಹತ್ತು ಸಾವಿರ ಅಂತ ಬರೆದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ವಾಪಸ್ ಕೇಳ್ಲಾ?" ಅಂದೆ.

"ಹಾಕಿದ ಮುಯ್ಯಿ ವಾಪಸ್ ಕೇಳಿದ ಮನೆ ಅಂತ ಹೆಸರು ಬರ್ಬೇಕಾ? ಇರ್ಲಿ ಬಿಡ್ರಿ. ನಮ್ಮನೆ ಮದುವೆಗೆ ಅವರೂ ಅಷ್ಟೇ ಹಾಕ್ಬೇಕಲ್ಲ."

"ನಮ್ಮನೇಲಿ ಇನ್ಯಾರ ಮದುವೆ ಇದೆಯೇ? ಇದ್ದೊಬ್ಬ ಮಗಳದ್ದು ಆಗಿಹೋಯ್ತಲ್ಲ."

ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇ ಇನ್ನೊಂದು ಮಾಡ್ಕೊಳ್ರಿ. ಹುಡುಗಿ ಕಡಿಮೆ ಉಣ್ಣೋಳು ಆಗಿರ್ಬೇಕು, ಅಷ್ಟೇ."

ಫೋನು

ಇನ್ನೊಂದು ದಿನ ಆಫೀಸಿನಲ್ಲಿದ್ದಾಗ ಫೋನು ಬಂತು. "ಸರ್, ನಿಮ್ಮ ಹೋಮ್ ಲೋನ್ ವಿಚಾರ ಮಾತಾಡಬೇಕಿತ್ತು" ಅಂತ ಒಂದು ಹೆಣ್ಣು ದನಿ. ಮುಂದೆ ಕೇಳುವಷ್ಟು ಜೀವ ನನ್ನಲ್ಲಿರಲಿಲ್ಲ. ಫೋನು ಕಟ್ ಮಾಡಿ, ಅರ್ಧ ದಿನ ರಜೆ ಬರೆದು, ಸಿಕ್ಕಿದ ಬಸ್ಸು ಹತ್ತಿದೆ. ಮನೆ ಮುಂದೆ ಜನ ಸೇರಿರಬಹುದು, ಪಾತ್ರೆ ಪಗಡ ಬೀದಿಯಲ್ಲಿರಬಹುದು ಅಂತ ದಾರಿಯುದ್ದಕ್ಕೂ ಬೆವರಿದೆ. ಬಂದು ನೋಡಿದರೆ ನನ್ನಾಕೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಾಳೆ.

ಮತ್ತೆ ಫೋನು ಬಂತು. ಅವಳೇ ತೆಗೆದುಕೊಂಡಳು, ಸ್ಪೀಕರ್ ಹಾಕಿದಳು. "ಸರ್ ಒಂದು ಕಂತೂ ತಪ್ಪಿಸಿಲ್ಲ ಮೇಡಂ. ಅದಕ್ಕೆ ಇನ್ನೂ ಐದು ಲಕ್ಷ ಸಾಲ ಕೊಡೋಣ ಅಂತ."

ಬೇಡ ಅಂತ ಹೇಳಿ ಫೋನು ಇಟ್ಟಳು. "ನೋಡ್ರಿ, ಒಂದೇ ಒಂದು ಕಂತು ತಪ್ಪಿಸಿದ್ರೆ ಈ ಕಾಟ ಇರ್ತಿರಲಿಲ್ಲ. ನಿಮ್ಮ ಅರ್ಧ ದಿನ ರಜೆನೂ ಉಳೀತಿತ್ತು."

ಸಾಲ ತೀರಿತು

ಒಂಬತ್ತನೇ ವರ್ಷಕ್ಕೆ ಸಾಲ ತೀರಿತು. ರಿಟೈರ್ ಆಗಲು ಇನ್ನೂ ಎರಡು ವರ್ಷ ಇರುವಾಗಲೇ! ಮನೆ ಪತ್ರ ಕೈಗೆ ಬಂದಾಗ ನನ್ನಾಕೆ ಬ್ಯಾಂಕಿನಲ್ಲೇ ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿ ಬಂತು. ಪತ್ರವನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದವಳು ಮೆಟ್ಟಿಲ ಮೇಲೇ ನಿಂತಳು. ಹೊಸ ಭಯ ಶುರುವಾಗಿತ್ತು, ಈ ಸಲ ಅವಳಿಗೆ.

"ರೀ, ಯಾರಿಗೂ ಹೇಳ್ಬೇಡ್ರಿ. ಸಾಲ ತೀರಿದೆ ಅಂತ ಗೊತ್ತಾದ್ರೆ ಜಾಮೀನು ಹಾಕಿ ಅಂತ ಬರ್ತಾರೆ. ಇಲ್ಲ ಅನ್ನೋಕೆ ನಿಮಗೆ ಬರಲ್ಲ. ಮನೆ ಮತ್ತೆ ಬ್ಯಾಂಕಿಗೆ ಹೋಗ್ತದೆ."

ಮಾತು ನಿಜ. ಇಲ್ಲ ಅನ್ನಲು ಧೈರ್ಯ ಬೇಕು, ಅದು ನನ್ನಲ್ಲಿಲ್ಲ. ಹಾಗಾಗಿ ತೀರಿದ ಸಾಲವನ್ನು ಬಾಯಲ್ಲಿ ಜೀವಂತ ಇಟ್ಟೆವು. ಪ್ರತಿ ತಿಂಗಳು ಐದನೇ ತಾರೀಕು ಪಾಸ್‌ಬುಕ್ ಹಿಡಿದು, ಮುಖ ಜೋಲು ಹಾಕಿಕೊಂಡು ಬ್ಯಾಂಕಿಗೆ ಹೋಗಿ, ಫ್ಯಾನಿನ ಕೆಳಗೆ ಕೂತು ಬರುತ್ತಿದ್ದೆ. ಮನೆಯಲ್ಲಿ ಹೋಳಿಗೆ ಮಾಡಿದರೆ ಕಿಟಕಿ ಹಾಕಿಕೊಂಡು ತಿನ್ನುತ್ತಿದ್ದೆವು. ಪ್ಲಾಸ್ಟರಂತೂ ಮಾಡಿಸುವ ಹಾಗೇ ಇರಲಿಲ್ಲ. ಸಾಲ ತೀರಿದ ಮರುದಿನ ಅಂತ ಬೀದಿಗೇ ಸಾರಿದ್ದಳಲ್ಲ! ಗೋಡೆಗೆ ಒಂದು ಕರಣೆ ಸಿಮೆಂಟು ಬಿದ್ದರೂ ಗುಟ್ಟು ರಟ್ಟಾಗುತ್ತಿತ್ತು.

ಹೀಗೆ ಎರಡು ವರ್ಷ ತಳ್ಳಿದೆವು. ಇನ್ನೊಂದೇ ತಿಂಗಳಿಗೆ ನಿವೃತ್ತಿ. ಸಾಲ ತೀರಿದರೆ ಚಂದ್ರಗುತ್ತಿಗೆ ಬರ್ತೀನಿ ಅಂತ ನನ್ನಾಕೆ ಹರಕೆ ಹೊತ್ತಿದ್ದಳು, ಅದೂ ಬಾಕಿ ಇತ್ತು. ಸೊರಬದಲ್ಲಿರುವ ಮಗಳ ಮನೆಗೆ ಅಂತ ಬೀದಿಯವರಿಗೆ ಅರ್ಧ ಸುಳ್ಳು ಹೇಳಿ ಹೊರಟು, ದೇವರಿಗೆ ಹಣ್ಣುಕಾಯಿ ಮಾಡಿಸಿ, ಮಗಳ ಮನೆಯಲ್ಲಿ ಒಂದು ರಾತ್ರಿ ಇದ್ದು, ಮರುದಿನ ಸಂಜೆ ನೆಮ್ಮದಿಯಿಂದ ವಾಪಸ್ ಬಂದೆವು.

ಬೀದಿ ತಿರುವಿನಲ್ಲೇ ನಾನು ನಿಂತುಬಿಟ್ಟೆ. ಗೋಡೆ ಕಾಣಲಿಲ್ಲ! ಅಂದರೆ ಇಟ್ಟಿಗೆ ಕಾಣಲಿಲ್ಲ. ಹಸಿಹಸಿ ಪ್ಲಾಸ್ಟರ್, ನುಣ್ಣಗೆ, ಅದಕ್ಕೆ ನೀರು ಬೇರೆ ಹೊಡೆದಿದ್ದಾರೆ. ನನ್ನಾಕೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಗೇಟು ತೆಗೆಯುವುದಕ್ಕೂ ಬಿಡದೆ ಎದುರು ಮನೆಯ ಯಜಮಾನರು ಓಡಿಬಂದರು. ಕೈಯಲ್ಲಿ ಕಾಗದ, ಜೇಬಲ್ಲಿ ಪೆನ್ನು.

"ಅಂತೂ ಸಾಲ ತೀರಿತಲ್ಲ ಸಾರ್, ಬಹಳ ಸಂತೋಷ. ನಮ್ಮ ಅಂಗಡಿಗೊಂದು ಲೋನ್ ತೆಗಿತಿದೀನಿ. ಜಾಮೀನಿಗೆ ನಿಮ್ಮದೊಂದು ಸಹಿ ಬೇಕಿತ್ತು, ಒಂದೇ ಸಹಿ."

ಜೇಬಿನ ಪೆನ್ನು ತೆಗೆದು ನನ್ನತ್ತ ಚಾಚಿದರು. ನನ್ನ ಪಾಪಿ ಕೈ ಆಗಲೇ ಅದನ್ನು ಹಿಡಿದಿತ್ತು, ನಡುಗುತ್ತಲೂ ಇತ್ತು. ಇಷ್ಟು ವರ್ಷದ ಚಮಚ ಎಣ್ಣೆ, ಬಿಟ್ಟ ಮಿರ್ಚಿ, ಉಡದ ಸೀರೆ, ಎಲ್ಲ ಆ ಪೆನ್ನಿನ ತುದಿಯಲ್ಲಿ ಬಂದು ಕೂತಿತ್ತು.

ಅಷ್ಟರಲ್ಲಿ ಮನೆಯ ಹಿಂದಿನಿಂದ ಕೈಕಾಲೆಲ್ಲ ಸಿಮೆಂಟು ಮಾಡಿಕೊಂಡು ಒಬ್ಬರು ಬಂದರು. ನೋಡಿದರೆ ನನ್ನಾಕೆಯ ಅಣ್ಣ, ಹೊಸಬಾಳೆಯ ನಮ್ಮ ಭಾವ!

"ಬಂದ್ರಾ ಭಾವ? ಗೋಡೆ ಹೆಂಗಾಗಿದೆ? ಬರೋ ತಿಂಗಳು ನಿಮ್ಮ ನಿವೃತ್ತಿ, ನೆಂಟರಿಷ್ಟರು ಬರ್ತಾರೆ. ಆಗ್ಲೂ ನಮ್ಮ ತಂಗಿ ಮನೆ ಇಟ್ಟಿಗೆ ಕಾಣ್ತಾ ಇದ್ರೆ ನಮಗೆ ಮರ್ಯಾದೆನಾ? ನಿಮ್ಮ ಸಾಲ ಯಾವಾಗ ತೀರ್ತದೋ ಏನೋ ಅಂತ ನಾನೇ ಆಳು ಕರ್ಕೊಂಡು ಬಂದು ಮಾಡಿಸಿಬಿಟ್ಟೆ. ಮೂವತ್ತಾರು ಸಾವಿರ ಆಗಿದೆ. ಅವಸರ ಏನಿಲ್ಲ. ತಿಂಗಳಿಗೆ ಆರು ಸಾವಿರದ ಹಂಗೆ ಆರು ಕಂತಲ್ಲಿ ಕೊಡ್ರಿ, ಸಾಕು."

ಮುಗಿಯಿತು ಅಂದುಕೊಂಡೆ. ಇನ್ನು ಇವಳು ಕುಸಿದು ಬೀಳ್ತಾಳೆ ಅಂತ ಹಿಡಿಯಲು ಕೈ ಚಾಚಿದೆ. ನೋಡಿದರೆ ಅವಳ ಮುಖ ಹಬ್ಬದ ದಿನದ ಹಾಗೆ ಅರಳುತ್ತಿದೆ. ನನ್ನ ಕೈಯಿಂದ ಪೆನ್ನು ಕಿತ್ತು ಎದುರು ಮನೆಯವರ ಜೇಬಿಗೆ ತಾನೇ ಸಿಕ್ಕಿಸಿದಳು.

"ಕೇಳಿದ್ರಲ್ಲ ಸಾರ್, ನಮಗೇ ಸಾಲ ಇದೆ! ದೇವರಾಣೆ ಇದೆ!"

ಎರಡು ವರ್ಷದಲ್ಲಿ ಅವಳು ಸಾಲದ ಬಗ್ಗೆ ಹೇಳಿದ ಮೊದಲ ನಿಜ ಅದು. ಎದುರು ಮನೆಯವರು ಗೋಡೆ ನೋಡಿದರು, ಭಾವನನ್ನು ನೋಡಿದರು, "ಪಾಪ" ಅಂತ ಕಾಗದ ಮಡಚಿಕೊಂಡು ಹೋದರು.

ಒಳಗೆ ಬಂದು ಅಣ್ಣನಿಗೆ ಕಾಫಿ ಕೊಟ್ಟಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಸಕ್ಕರೆ ಧಾರಾಳವಾಗಿತ್ತು. ಎದುರಿಗೆ ಕೂತು ಮೆಲ್ಲಗೆ ಕೇಳಿದಳು.

"ಅಣ್ಣಾ, ತಿಂಗಳಿಗೆ ಆರು ಸಾವಿರ ಆಗಲ್ಲ ಕಣೋ. ಇನ್ನೂರು ಮಾಡ್ಕೋ."

ಭಾವ ಬೆರಳು ಮಡಚಿ ಲೆಕ್ಕ ಹಾಕಿ ಗಾಬರಿಯಾದರು. "ತಂಗೀ, ಹದಿನೈದು ವರ್ಷ ಆಗ್ತದಲ್ಲೇ!"

"ಆಗ್ಲಿ. ಇನ್ನೊಂದು ಮಾತು" ಅಂತ ನನ್ನ ಕಡೆ ಕೈ ತೋರಿಸಿದಳು. "ಇವರು ಮೊದಲೇ ಪುಕ್ಕಲು. ಹೆದರಿಕೊಂಡು ಮಧ್ಯದಲ್ಲಿ ಒಟ್ಟಿಗೇ ತೀರಿಸ್ತೀನಿ ಅಂತ ಬರ್ತಾರೆ. ಕಾಲು ಹಿಡ್ಕೊಂಡ್ರೂ ತಗೋಬೇಡ!"