ಜಡ್ಜ್ ಆಗುವವನ ಪರಿಚಯ ಬರೆದದ್ದು

ನನಗೆ ಆಗದವರನ್ನು ವೇದಿಕೆಯ ಮೇಲೆ ಹೊಗಳುವುದು ಕಷ್ಟವೇನಲ್ಲ. ಸಕಲೇಶಪುರದ ಕೋರ್ಟಿನಲ್ಲಿ ಮೂವತ್ತು ವರ್ಷ ವಕೀಲಿಕೆ ಮಾಡಿದವನಿಗೆ, ತಾನು ನಂಬದ್ದನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ಇದ್ದೇ ಇರುತ್ತದೆ. ನನ್ನ ಕಷ್ಟ ಬೇರೆ. ನನ್ನ ಸಹಪಾಠಿ, ವಕೀಲ ರುದ್ರೇಶನ ಮೇಲಿನ ಹೊಟ್ಟೆಕಿಚ್ಚನ್ನು ಇಷ್ಟು ವರ್ಷವೂ ತಾತ್ವಿಕ ಭಿನ್ನಾಭಿಪ್ರಾಯ ಎಂದು ಕರೆದುಕೊಂಡು ಬಂದಿದ್ದೆ.

ಹೋದ ತಿಂಗಳು ನಮ್ಮ ವಕೀಲರ ಸಂಘದ ಅಧ್ಯಕ್ಷರು ನನ್ನ ಮೇಜಿನ ಹತ್ತಿರ ಬಂದು ನಿಂತರು. "ರುದ್ರೇಶನ ಹೆಸರು ಹೈಕೋರ್ಟ್ ಜಡ್ಜ್ ಪಟ್ಟಿಲಿ ಐತಂತೆ. ಸನ್ಮಾನ ಇಟ್ಕಂಡಿದೀವಿ. ಪರಿಚಯ ನೀವೇ ಬರೀಬೇಕು, ಒಟ್ಟಿಗೆ ಓದಿದೋರು." ನೇಮಕದ ಆದೇಶ ಇನ್ನೂ ಬಂದಿರಲಿಲ್ಲ. ಆದರೆ ಹಾರ ಹಾಕಲು ಆದೇಶಕ್ಕೆ ಕಾಯುವ ಪದ್ಧತಿ ನಮ್ಮೂರಲ್ಲಿಲ್ಲ.

ರುದ್ರೇಶ ಬೆಳಗೋಡಿನ ಕಡೆಯ ಕಾಫಿ ತೋಟದ ಮನೆಯವನು. ಕಾನೂನಿನಲ್ಲಿ ಬರೆದಿರುವುದಕ್ಕಿಂತ ಒಂದಕ್ಷರ ಹೆಚ್ಚು ಓದಬಾರದು ಎನ್ನುವುದು ಅವನ ಸಿದ್ಧಾಂತ. ಕಾಲೇಜಿನ ಹಾಸ್ಟೆಲ್ಲಿನಲ್ಲೇ ಅದು ಶುರುವಾಗಿತ್ತು. ಒಬ್ಬರಿಗೆ ಎರಡೇ ಮುದ್ದೆ ಎಂದು ಗೋಡೆಗೆ ಬರೆದು ಅಂಟಿಸಿದ್ದರು. ಇವನು ಅಡಿಗೆ ಭಟ್ಟರ ಜೊತೆ, "ಗಾತ್ರದ ಬಗ್ಗೆ ಏನೂ ಬರೆದಿಲ್ಲವಲ್ಲ" ಎಂದು ವಾದಿಸಿ ತೆಂಗಿನಕಾಯಿಯಷ್ಟು ದಪ್ಪದ ಎರಡು ಕಟ್ಟಿಸಿಕೊಂಡಿದ್ದ. ಮುಂದೆ ಹೆಣ್ಣುಮಕ್ಕಳು ಆಸ್ತಿಯಲ್ಲಿ ಪಾಲು ಕೇಳಿದಾಗ, ಕೂಲಿಯವರು ರಜೆ ಕೇಳಿದಾಗ ಮಾತ್ರ ಅವನ ಕಾನೂನಿನ ಗಾತ್ರ ನೆಲ್ಲಿಕಾಯಿಯಷ್ಟಾಗುತ್ತಿತ್ತು. ಕನಿಕರ ತೋರಿಸುವುದು ಕೋರ್ಟಿನ ಕೆಲಸವಲ್ಲ ಎಂದು ತಣ್ಣಗೆ ಹೇಳುತ್ತಿದ್ದ.

ಪರಿಚಯದಲ್ಲಿ ಕೆಂಪಮ್ಮನ ಕೇಸನ್ನು ಹಾಕಿಯೇ ತೀರುತ್ತೇನೆಂದು ನಿರ್ಧರಿಸಿದೆ. ಕೆಂಪಮ್ಮ ವನಗೂರಿನ ಎಸ್ಟೇಟೊಂದರಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿದ್ದವಳು. ಗಂಡ ಸತ್ತ ಮೇಲೆ, ಕೆಲಸದವರ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ಮನೆ ಬಿಡು ಎಂದು ಎಸ್ಟೇಟಿನವರು ದಾವೆ ಹಾಕಿದರು. ಅವರ ವಕೀಲ ರುದ್ರೇಶ, ಇವಳ ವಕೀಲ ನಾನು. ನಮ್ಮ ಉತ್ತರ ಸಲ್ಲಿಸುವ ಗಡುವು ಮೀರಿತ್ತು. ಸ್ವಲ್ಪ ಸಮಯ ಕೊಡಿ ಎಂದು ಬೇಡಿಕೊಂಡೆ. ರುದ್ರೇಶ ಎದ್ದು ನಿಂತು, "ಗಡುವು ಎಂದರೆ ಗಡುವು" ಎಂದ. ಜಡ್ಜ್ ಒಪ್ಪಿದರು. ಆಕೆಯ ಪರ ಒಂದು ಮಾತೂ ದಾಖಲಾಗದೆ ಕೇಸು ಮುಗಿಯಿತು. ಅವಳ ಪಾತ್ರೆ, ಚಾಪೆ, ಗಂಡನ ಫೋಟೊ ಎಲ್ಲ ಜೀಪು ಓಡಾಡುವ ದಾರಿಗೆ ಬಂದವು.

ಬರೆಯುವ ಮೊದಲು ಅವಳ ಬಾಯಲ್ಲೇ ಕೇಳೋಣವೆಂದು ಕೆ. ಹೊಸಕೋಟೆಗೆ ಹೋದೆ. ಅಲ್ಲಿ ಬಸ್ಸು ನಿಲ್ಲುವ ಕಡೆ ಟೀ ಅಂಗಡಿ ಇಟ್ಟುಕೊಂಡಿದ್ದಾಳೆ. ಗುರುತು ಹಿಡಿದು ಟೀ ಕೊಟ್ಟಳು. ರುದ್ರೇಶ ಜಡ್ಜ್ ಆಗುತ್ತಾನಂತೆ ಎಂದೆ. ಸಿಟ್ಟಾಗುತ್ತಾಳೆ, ಎರಡು ಬಿಸಿ ಮಾತು ಸಿಗುತ್ತವೆ ಎಂದು ಪೆನ್ನನ್ನೂ ತೆಗೆದಿದ್ದೆ.

"ಆಗ್ಲಿ ಬುಡಿ," ಎಂದಳು. "ಅವ್ರು ಎಸ್ಟೇಟ್ ಕಡೆಯೋರು, ಎಸ್ಟೇಟ್ ಪರವಾಗೇ ಮಾತಾಡಿದ್ರು. ನೀವು ನಮ್ ಕಡೆಯೋರು ಕಣ್ರೀ. ಆ ಉತ್ತರದ ಕಾಗ್ದಕ್ಕೆ ಹೆಬ್ಬೆಟ್ಟು ಒತ್ತಕ್ಕೆ ಅಂತ ಮೂರ್ ಸಲಿ ನಿಮ್ಮ ಆಫೀಸಿಗೆ ಬಂದಿದ್ದೆ. ಮೂರ್ ಸಲೀನೂ ನೀವು ಯಾರ್ದೋ ಮದ್ವೆ ಊಟಕ್ಕೆ ಹೋಗ್ಬುಟ್ಟಿದ್ರಿ."

ಪೆನ್ನನ್ನು ಜೇಬಿಗೆ ಸೇರಿಸಿದೆ. ಅದು ಮದುವೆಗಳ ಕಾಲ, ಕಕ್ಷಿದಾರರು ಸಿಗುವುದೇ ಅಲ್ಲಿ, ಎಂದೆಲ್ಲ ಹೇಳಬಹುದಿತ್ತು. ಅವಳು ಇನ್ನೊಬ್ಬರಿಗೆ ಟೀ ಸೋಸಲು ತಿರುಗಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸನ್ಮಾನದ ದಿನ ಪರಿಚಯ ಓದಿದೆ. ಕಾನೂನಿನ ಅಕ್ಷರಕ್ಕೆ ನಿಷ್ಠರು, ಪರಂಪರೆಗೆ ಬದ್ಧರು, ಕಾಲಕ್ಕೆ ತಕ್ಕಂತೆ ಬಾಗದವರು, ಎಂದೆ. ಚಪ್ಪಾಳೆ ಬಿತ್ತು. ರುದ್ರೇಶ ಬಂದು ತಬ್ಬಿಕೊಂಡ. "ಆ ಲೈನ್ ಮನೆ ಕೇಸು ಎಲ್ಲಿ ಎತ್ತಿ ಬುಡ್ತೀಯೋ ಅಂತಿದ್ದೆ ಮಾರಾಯ. ದೊಡ್ಡ ಮನಸ್ಸು ಕಣೋ ನಿಂದು."

ನಾನು ಇರಲಿ ಬಿಡು ಎಂಬಂತೆ ಅವನ ಬೆನ್ನು ತಟ್ಟಿದೆ. ಕೇಸಿನ ಹೆಸರು ಎತ್ತಿದ್ದರೆ, ಆ ಹೆಂಗಸಿನ ಪರ ಇದ್ದ ವಕೀಲ ಯಾರು ಎಂದು ಸಭೆಯಲ್ಲಿ ಯಾರಾದರೂ ಕೇಳುತ್ತಿದ್ದರು.