ನನ್ನ ಹೋಮ್ ಪೇಜಿಗೆ ದೀಪ ತಂದ ಮಾವ

ಸುಳ್ಯದಲ್ಲಿ ನಾನು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದವಳು. ಟೈಪ್‌ರೈಟರ್ ಇದ್ದಷ್ಟು ಕಾಲ ನಗುವಂಥದ್ದು ಏನೂ ಆಗಲಿಲ್ಲ. ಟೆಲಿಫೋನ್ ತಂತಿಯಲ್ಲಿ ಇಂಟರ್‌ನೆಟ್ ಬಂತು ನೋಡಿ, ಆಮೇಲೆ ವಾರಕ್ಕೊಂದಾದರೂ ಆಗತೊಡಗಿತು.

ವಿಳಾಸ

ಟೈಪಿಂಗ್ ಕಲಿಯುವವರು ಕಡಿಮೆಯಾಗುತ್ತಿದ್ದರು. ಹೊಸತು ಕಲಿಯದಿದ್ದರೆ ಕ್ಲಾಸಿನ ಬಾಗಿಲು ಹಾಕಬೇಕು. ಹಾಗಾಗಿ ಪುತ್ತೂರಿನ ಒಂದು ಕಂಪ್ಯೂಟರ್ ಸೆಂಟರಿಗೆ ನಾನೇ ವಿದ್ಯಾರ್ಥಿಯಾಗಿ ಹೋದೆ. ಮೊದಲ ದಿನ ಅಲ್ಲಿಯ ಮಾಸ್ಟ್ರು ಪರದೆಯ ಮೇಲ್ತುದಿಯ ಬಿಳಿ ಪಟ್ಟಿ ತೋರಿಸಿ, "ಇಲ್ಲಿ ಅಡ್ರೆಸ್ ಹಾಕಿ" ಎಂದು ಪಕ್ಕದವರ ಕಡೆ ತಿರುಗಿದರು.

ನಾನು ಮನೆ ಹೆಸರು, ಅಂಚೆ, ತಾಲೂಕು, ಜಿಲ್ಲೆ ಎಲ್ಲ ಟಕಟಕ ಹೊಡೆದೆ. ವೇಗದ ಬಗ್ಗೆ ಹೆಮ್ಮೆಯೂ ಆಯಿತು. ಇಂಥ ವಿಳಾಸ ಸಿಗುವುದಿಲ್ಲ ಎಂದಿತು ಕಂಪ್ಯೂಟರ್.

ಮಾಸ್ಟ್ರನ್ನು ಕರೆದು ಕೇಳಿದೆ: "ಪಿನ್ ಕೋಡ್ ಸಮೇತ ಹಾಕಿದ್ದೇನೆ. ಮತ್ತೆ ಎಂತಕ್ಕೆ ಸಿಗುದಿಲ್ಲ ಸರ್?"

ತಕ್ಷಣದ ಉತ್ತರ

ಅಂತೂ ಕಲಿತು ಬಂದು, ಕ್ಲಾಸಿನ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟೆ. ಮೊದಲು ಬಂದವರು ಬೆಳ್ಳಾರೆಯ ಬಟ್ಟೆ ಅಂಗಡಿಯ ಹಾಜಿಯವರು. ದುಬೈಯ ಆಫೀಸೊಂದರಲ್ಲಿದ್ದ ಮಗನಿಗೆ ಪತ್ರ ಹೋಗಬೇಕಿತ್ತು. ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡಿ ಕಳಿಸಿದೆ.

"ಉತ್ತರ ಬರಲಿಕ್ಕೆ ಎಷ್ಟು ದಿನ ಟೀಚರ್?"

"ಕೂತುಕೊಳ್ಳಿ, ಈಗಲೇ ಬಂದರೂ ಬಂತು."

ಅವರು ನಂಬಲಿಲ್ಲ. ಹತ್ತು ನಿಮಿಷದಲ್ಲಿ ಉತ್ತರ ಬಂತು, ಒಂದು ಪುಟ ಉದ್ದದ್ದು. ಓದಿ ಹೇಳುವಾಗ ಹಾಜಿಯವರ ಕಣ್ಣು ತುಂಬಿತು. ಕಣ್ಣೊರೆಸಿಕೊಂಡ ಮೇಲೆ ಗಡಿಯಾರ ನೋಡಿದರು. ಮುಖ ಬಿಗಿಯಾಯಿತು.

"ಬೆಳಿಗ್ಗೆ ಹನ್ನೊಂದು ಗಂಟೆಗೆ ಇಷ್ಟುದ್ದ ಬರೆಯಲಿಕ್ಕೆ ಪುರುಸೊತ್ತು ಉಂಟಾದರೆ, ಇವನು ಅಲ್ಲಿ ಮಾಡುವ ಕೆಲಸ ಎಂತ ಮಾರಾಯ್ರೆ?"

ಇನ್ನೊಂದು ಸಲ

ಹತ್ತನೇ ತರಗತಿಯ ಫಲಿತಾಂಶ ಕಂಪ್ಯೂಟರಿನಲ್ಲಿ ಬರುತ್ತದೆಂದು ತಿಳಿದು ಕಡಬದಿಂದ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಹೆದರಿ ಒಳಗೇ ಬರಲಿಲ್ಲ. ಪುಟ ತೆರೆಯುವುದೇ ಇಲ್ಲ. "ರಿಫ್ರೆಶ್ ಒತ್ತುತ್ತಾ ಇರುದು. ಒತ್ತಿದ ಹಾಗೆ ಹೊಸತು ಬರ್ತದೆ" ಎಂದು ಸಮಾಧಾನ ಹೇಳಿದೆ.

ಕೊನೆಗೂ ತೆರೆಯಿತು. ಹುಡುಗಿ ಪಾಸು! ಹೊರಗೆ ಅವಳು ಕುಣಿದ ಸದ್ದು ಕೇಳಿಸಿತು. ತಂದೆ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಗಣಿತದ ಮಾರ್ಕಿನ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದರು:

"ಇದಕ್ಕೊಂದು ಇನ್ನೊಮ್ಮೆ ರಿಫ್ರೆಶ್ ಒತ್ತಿ ಟೀಚರ್."

ಮಾವ ಬಂದದ್ದು

ಆಮೇಲೆ ನನಗೂ ಒಂದು ಹೋಮ್ ಪೇಜ್ ಬೇಕೆನಿಸಿತು. ಪುಸ್ತಕ ನೋಡಿ ನೋಡಿ ಹದಿನೈದು ದಿನ ಕೂತು ಮಾಡಿದೆ. ನನ್ನ ಹೆಸರು, ಕ್ಲಾಸಿನ ಫೋಟೋ, ನಾಲ್ಕು ಸಾಲು. ಮುಗಿಯದ ಪುಟಕ್ಕೆ 'ಕೆಲಸ ನಡೆಯುತ್ತಿದೆ' ಎಂದು ಇಂಗ್ಲಿಷಿನಲ್ಲಿ ಬರೆದು, ನಿಂತಲ್ಲೇ ಮಣ್ಣು ಅಗೆಯುತ್ತಲೇ ಇರುವ ಗೊಂಬೆಯ ಚಿತ್ರವೊಂದನ್ನು ಹಾಕುವುದು ಆಗಿನ ರೂಢಿ. ನಾನೂ ಹಾಕಿದೆ. ಮುಂಬೈಯಲ್ಲಿದ್ದ ಸೋದರಮಾವನಿಗೆ ಪುಟದ ವಿಳಾಸ ಬರೆದು ಕಾಗದ ಹಾಕಿದೆ. ಯಾರಾದರೂ ನೋಡಿಯಾರು ಎಂಬ ಆಸೆ. ತಿಂಗಳಾದರೂ ಒಬ್ಬರೂ ನೋಡಿದ ಸುದ್ದಿಯಿಲ್ಲ.

ಒಂದು ಮಧ್ಯಾಹ್ನ ಮಾವ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹಿತ್ತಾಳೆಯ ದೀಪ.

"ಗೃಹಪ್ರವೇಶ ಯಾವಾಗ? ನೀನು ಕರೆಯದಿದ್ದರೂ ನಾನು ಬಂದೆ."

"ಎಂತ ಗೃಹಪ್ರವೇಶ ಮಾವ?"

"ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ನೋಡಿದೆ. ಹೋಮ್ ಅಂತ ಉಂಟು, ಕೆಲಸ ನಡೆಯುತ್ತಿದೆ ಅಂತ ಉಂಟು. ಮತ್ತೆ ಮನೆ ಅಲ್ಲದೆ ದನದ ಕೊಟ್ಟಿಗೆಯಾ?"

ನನ್ನ ಪುಟ ನೋಡಿದ ಮೊದಲ ಮನುಷ್ಯ! ನಗಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ಕೂರಿಸಿ ಪುಟ ತೆರೆದೆ. ಅದು ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು.

"ಮನೆಯನ್ನು ಹಂಚಿನ ಮಾಡಿನಿಂದ ಕೆಳಗೆ ಕಟ್ಟುದನ್ನು ಇದೇ ಮೊದಲು ನೋಡುದು" ಎಂದರು.

ಹೋಮ್ ಪೇಜ್ ಅಂದರೆ ಏನೆಂದು ಬಿಡಿಸಿ ಹೇಳಿದೆ. ಕೇಳಿದರು. ಆದರೂ ತಂದ ದೀಪ ವಾಪಸು ಕೊಂಡುಹೋಗಬಾರದೆಂದು ಕಂಪ್ಯೂಟರಿನ ಎದುರು ಹಚ್ಚಿ ಕೈ ಮುಗಿದರು. ಕ್ಲಾಸಿನ ಮಕ್ಕಳೂ ಎದ್ದು ನಿಂತು ಕೈ ಮುಗಿದರು. ಮಾವ ಕನ್ನಡಕ ಏರಿಸಿ ಅಗೆಯುವ ಗೊಂಬೆಯನ್ನು ತುಂಬ ಹೊತ್ತು ನೋಡಿದರು. ಮತ್ತೆ ನನ್ನ ಕಿವಿಯ ಹತ್ತಿರ ಬಂದು ಹೇಳಿದರು:

"ಮಗಳೇ, ನಾನು ಮುಂಬೈಯಲ್ಲಿ ನೋಡುವಾಗಲೂ ಇವನು ಅದೇ ಜಾಗದಲ್ಲಿ ಅಗೆಯುತ್ತಿದ್ದ. ಇವನನ್ನು ದಿನಗೂಲಿಗೆ ಇಟ್ಟದ್ದೇ ತಪ್ಪು. ಕಂಟ್ರಾಕ್ಟಿಗೆ ಕೊಡು!"